ಕಡಲಲ್ಲಿ ತೇಲಿಹೋದದ್ದು ಎಲ್ಲಿರಬಹುದೆಂದು ಕಂಪ್ಯೂಟರ್ ಎಷ್ಟರಮಟ್ಟಿಗೆ ಹೇಳಬಲ್ಲದು?

ಪಡುಕರೆಯ ಓದುಗ

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿದ್ದು, ಪಾರಾದ 18 ಮಂದಿ ಸಿಬ್ಬಂದಿಯನ್ನು ಪಣಂಬೂರಿನ ಬಂದರಿಗೆ ಕರೆತಂದದ್ದು ಇಲ್ಲಿ ಎಲ್ಲರಿಗೂ ನೆನಪಿರಬಹುದು. ನೀರಿಗೆ ಬಿದ್ದ ಕಂಟೇನರ್‌ಗಳು ಉಳ್ಳಾಲಕ್ಕೆ ಬರುತ್ತವೆಯೋ, ಕಾಪುವಿಗೆ ಬರುತ್ತವೆಯೋ ಎಂದು ಆ ವಾರ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ಆದರೆ ಕಡಲಿನ ಸ್ಥಿತಿಗತಿಯ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸಿದ ಮಾಹಿತಿ ಅವು ದಕ್ಷಿಣ–ಆಗ್ನೇಯಕ್ಕೆ ಸಾಗುತ್ತವೆಂದು ಹೇಳಿತು. ಮುಂದೆ ಅದರ ಅವಶೇಷಗಳು ಕಂಡದ್ದೂ ಆಲಪ್ಪುಳದ ಕಡೆಯಲ್ಲೇ.

ನನ್ನ ಪ್ರಶ್ನೆ ಎರಡು. ಬೆಂಕಿ ಆರುವ ಮೊದಲೇ ಇಂಥ ನಕ್ಷೆಯನ್ನು ಯಾವ ಆಧಾರದ ಮೇಲೆ ಬರೆಯುತ್ತಾರೆ? ಕಂಟೇನರಿನ ದಾರಿಯನ್ನು ಹೇಳಬಲ್ಲ ಯಂತ್ರ, ಬೋಟಿನಿಂದ ಬಿದ್ದ ಒಬ್ಬ ಮೀನುಗಾರನ ದಾರಿಯನ್ನು ಅಷ್ಟೇ ಸಲೀಸಾಗಿ ಏಕೆ ಹೇಳಲಾರದು? ಪರಿಹಾರಧನದ ವಿಷಯ, ಯಾರ ತಪ್ಪು ಎಂಬ ವಿಷಯ ಬೇರೆಡೆ ಸಾಕಷ್ಟು ಚರ್ಚೆಯಾಗಿದೆ. ಇಲ್ಲಿ ತೇಲುವಿಕೆಯ ಬಗ್ಗೆ ಮಾತ್ರ ಬರೆಯಬೇಕೆಂದು ವಿನಂತಿ.

ಸಂಶೋಧನಾರ್ಥಿನಿ, ಸುರತ್ಕಲ್

ಮೊದಲನೆಯ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ತೇಲುವ ವಸ್ತುವನ್ನು ನೀರು ಹೊರುತ್ತದೆ, ಗಾಳಿ ನೂಕುತ್ತದೆ. ನೀರಿನ ಪ್ರವಾಹ ಎಲ್ಲ ವಸ್ತುಗಳಿಗೂ ಒಂದೇ. ಮನುಷ್ಯನಾಗಲಿ, ಕಂಟೇನರಾಗಲಿ, ಪ್ರವಾಹ ಎತ್ತ ಹರಿದರೆ ಅತ್ತ ಹೋಗುತ್ತಾರೆ. ಗಾಳಿಯ ಪಾಲು ಮಾತ್ರ ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ನೀರಿಗೆ ಹೋಲಿಸಿದಂತೆ ಗಾಳಿಯಿಂದಾಗಿ ವಸ್ತು ಪಡೆಯುವ ಈ ಹೆಚ್ಚುವರಿ ಚಲನೆಯನ್ನು ನಾವಿಕರು ಲೀವೇ ಎನ್ನುತ್ತಾರೆ. ನೀರಿನ ಮೇಲಿರುವ ಭಾಗವನ್ನು ಗಾಳಿ ತಳ್ಳುತ್ತದೆ, ಮುಳುಗಿರುವ ಭಾಗವನ್ನು ನೀರು ತಡೆಯುತ್ತದೆ, ಇವೆರಡೂ ಸಮವಾದಾಗ ವಸ್ತು ಒಂದು ನಿಶ್ಚಿತ ವೇಗದಲ್ಲಿ ಸರಿಯುತ್ತದೆ. ಗಾಳಿಗಿಂತ ನೀರು ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿರುವುದರಿಂದ, ಅರ್ಧ ಮೇಲೆ ಅರ್ಧ ಕೆಳಗೆ ಇರುವ ಒಂದು ಪೆಟ್ಟಿಗೆ ಗಾಳಿಯ ವೇಗದ ಸುಮಾರು ಶೇ. 3.4ರಷ್ಟು ವೇಗ ಪಡೆಯುತ್ತದೆ. ಒಂದು ಪಾಲು ಮೇಲಿದ್ದು ಒಂಬತ್ತು ಪಾಲು ಮುಳುಗಿದ್ದರೆ ಅದು ಶೇ. 1.1ರ ಆಸುಪಾಸಿಗೆ ಇಳಿಯುತ್ತದೆ. ಇದು ಸರಳ ಲೆಕ್ಕ, ಆದರೆ ಕಡಲಿನಲ್ಲಿ ಅಳೆದ ಅಂಕಿಗಳಿಂದ ಬಹಳ ದೂರವಿಲ್ಲ. ಕಂಟೇನರಿನ ವಿಷಯದಲ್ಲಿ ತೊಡಕಾಗುವುದೂ ಇಲ್ಲಿಯೇ: ಒಳಗೆ ಹಗುರವಾದ ಸರಕಿದ್ದರೆ ಎತ್ತರಕ್ಕೆ ತೇಲುತ್ತದೆ, ನೀರು ತುಂಬಿದಂತೆಲ್ಲ ಕುಸಿಯುತ್ತ ಹೋಗುತ್ತದೆ, ಮೊದಲ ದಿನದ ಲೆಕ್ಕ ಮೂರನೆಯ ದಿನಕ್ಕೆ ನಡೆಯುವುದಿಲ್ಲ.

ದಿಕ್ಕಿನ ವಿಷಯ. ಭಾರತದ ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಜೂನ್ ತಿಂಗಳಲ್ಲಿ ಗಾಳಿಯೂ ಪಡುವಣದಿಂದ ಬೀಸಿ ವಸ್ತುಗಳನ್ನು ದಡದತ್ತ ಒತ್ತುತ್ತದೆ. ಆದ್ದರಿಂದ ಆ ಕಂಟೇನರ್‌ಗಳು ನಮ್ಮ ಕಡೆಗೆ ಏರಿ ಬರುವ ಸಂಭವ ಕಡಿಮೆಯೆಂದು ಯಂತ್ರವಿಲ್ಲದೆಯೂ ಹೇಳಬಹುದಿತ್ತು. ಅದಕ್ಕೂ ಎರಡು ವಾರ ಮೊದಲು, ಮೇ 25ರಂದು, ಕೊಚ್ಚಿಯಾಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಹಡಗಿನ ಕಂಟೇನರ್‌ಗಳೂ ಆಲಪ್ಪುಳ, ಕೊಲ್ಲಂ, ತಿರುವನಂತಪುರದ ದಡಗಳಿಗೇ ಬಂದವು. ಯಾವ ದಿನ, ಯಾವ ಊರಿನ ನೇರಕ್ಕೆ ಎಂಬುದನ್ನು ಹೇಳಬೇಕಾದರೆ ಮಾತ್ರ ಪ್ರತಿ ಗಂಟೆಯ ಗಾಳಿ ಮತ್ತು ಪ್ರವಾಹದ ಮುನ್ಸೂಚನೆಯನ್ನು ಹಿಡಿದು ಹೆಜ್ಜೆ ಹೆಜ್ಜೆಗೂ ಕೂಡುತ್ತ ಹೋಗಬೇಕು. ಆ ಕೂಡುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ.

ಮಲ್ಪೆಯ ತಂಡೇಲ

ಸುರತ್ಕಲ್‌ನ ತಂಗಿ ವಿವರವಾಗಿ ಬರೆದಿದ್ದಾರೆ, ಸಂತೋಷ. ಆದರೆ ಮುಂಗಾರಿನಲ್ಲಿ ನೀರು ತೆಂಕಕ್ಕೆ, ಚಳಿಗಾಲದಲ್ಲಿ ಬಡಗಕ್ಕೆ ಎಂಬುದು ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ಮಾತು. ನಮಗೆ ಬೇಕಾದದ್ದು ಅದರಿಂದ ಆಚಿನದು.

ಬೋಟು ನಡೆಸುವ ತಂಡೇಲನಾಗಿ ನಾನು ಕಂಡಂತೆ, ಒಂದೇ ಜಾಗದಲ್ಲಿ ನೀರಿಗೆ ಬಿದ್ದ ಎರಡು ವಸ್ತುಗಳು ಸಂಜೆಯ ಹೊತ್ತಿಗೆ ಒಂದೇ ಕಡೆ ಇರುವುದಿಲ್ಲ. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆ ಗಾಳಿ ಹಿಡಿದು ಓಡಿಬಿಡುತ್ತದೆ. ಡೀಸೆಲ್ ಅರ್ಧ ಉಳಿದ ಕ್ಯಾನ್ ಅಲ್ಲೇ ಸುತ್ತುತ್ತದೆ. ತುಂಡಾದ ಬಲೆ ಗಾಳಿಗೆ ಸೊಪ್ಪು ಹಾಕದೆ ನೀರು ಎಳೆದತ್ತಲೇ ಹೋಗುತ್ತದೆ. ಎಂಜಿನ್ ಕೆಟ್ಟ ಬೋಟು ಗಾಳಿಯ ನೇರಕ್ಕೆ ಹೋಗುವುದಿಲ್ಲ, ಒಂದು ಮಗ್ಗುಲಾಗಿ ಓರೆಯಲ್ಲಿ ಜಾರುತ್ತದೆ, ಕೆಲವು ಸಲ ಇದ್ದಕ್ಕಿದ್ದಂತೆ ಮಗ್ಗುಲು ಬದಲಿಸಿ ಇನ್ನೊಂದು ಓರೆ ಹಿಡಿಯುತ್ತದೆ. ಮೇಲಿನ ನೀರು ಒಂದು ದಿಕ್ಕಿಗೆ, ಬಲೆ ಇಳಿದ ಆಳದ ನೀರು ಇನ್ನೊಂದು ದಿಕ್ಕಿಗೆ ಎಳೆಯುವುದೂ ಉಂಟು. ಹೈದರಾಬಾದಿನಲ್ಲಿರುವ ಯಂತ್ರಕ್ಕೆ ಇದೆಲ್ಲ ತಿಳಿದಿರುತ್ತದೆಯೆ?

ಸಂಶೋಧನಾರ್ಥಿನಿ, ಸುರತ್ಕಲ್

ತಂಡೇಲರೇ, ನೀವು ಬರೆದ ಮೂರು ಸಂಗತಿಗಳೂ ಆ ಲೆಕ್ಕದಲ್ಲಿವೆ. ಮತ್ತೊಂದಕ್ಕೆ ಕಾರಣವೂ ಇದೆ.

ವಸ್ತುವಿನ ಬಗೆ ಮೊದಲನೆಯದು. ಅಮೆರಿಕದ ಕೋಸ್ಟ್ ಗಾರ್ಡ್‌ಗಾಗಿ ಅಲೆನ್ ಮತ್ತು ಪ್ಲೂರ್ಡ್ ಎಂಬ ಇಬ್ಬರು 1999ರಲ್ಲಿ, ಅಲ್ಲಿಯವರೆಗೆ ಕಡಲಿನಲ್ಲಿ ನಡೆದಿದ್ದ ತೇಲುವಿಕೆಯ ಪ್ರಯೋಗಗಳನ್ನೆಲ್ಲ ಕಲೆಹಾಕಿ, ಅರುವತ್ತಕ್ಕೂ ಹೆಚ್ಚು ಬಗೆಯ ವಸ್ತುಗಳಿಗೆ ಬೇರೆ ಬೇರೆ ಅಂಕಿಗಳನ್ನು ಕೊಟ್ಟರು. ಅದರಲ್ಲಿ ಮನುಷ್ಯನೊಬ್ಬನಿಗೇ ಹಲವು ವರ್ಗಗಳಿವೆ: ಲೈಫ್ ಜಾಕೆಟ್ ತೊಟ್ಟು ನೆಟ್ಟಗೆ ನಿಂತಂತೆ ತೇಲುವವನು, ಕುಳಿತಂತೆ ತೇಲುವವನು, ಪ್ರಾಣವಿಲ್ಲದೆ ಮುಖ ಕೆಳಗಾಗಿ ತೇಲುವ ದೇಹ, ಹೀಗೆ. ಜೀವರಕ್ಷಕ ತೆಪ್ಪದಲ್ಲಿಯೂ ಅಡಿಯಲ್ಲಿ ನೀರು ತುಂಬಿ ಭಾರವಾಗುವ ಚೀಲಗಳಿವೆಯೋ ಇಲ್ಲವೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಇನ್‌ಕಾಯ್ಸ್‌ನವರ ‘ಸಾರಟ್’ ಎಂಬ ಶೋಧನೆಯ ಸಾಧನದಲ್ಲಿಯೂ ಸುಮಾರು 60 ಬಗೆಯ ವಸ್ತುಗಳ ಪೈಕಿ ಒಂದನ್ನು ಆರಿಸಿಕೊಳ್ಳಬೇಕು. ಅದು ಕರಾವಳಿ ರಾಜ್ಯಗಳ ಭಾಷೆಗಳಲ್ಲಿಯೂ ಲಭ್ಯವಿದೆ.

ಓರೆಯಾಗಿ ಜಾರುವುದಕ್ಕೂ ಲೆಕ್ಕವುಂಟು. ಪ್ರತಿ ವಸ್ತುವಿಗೆ ಗಾಳಿಯ ನೇರದ ವೇಗ ಒಂದು, ಎಡಕ್ಕೋ ಬಲಕ್ಕೋ ಸರಿಯುವ ವೇಗ ಇನ್ನೊಂದು ಎಂದು ಬೇರೆ ಬೇರೆ ಇಡುತ್ತಾರೆ. ಎಡಕ್ಕೆ ಹೋಗುತ್ತದೆಯೋ ಬಲಕ್ಕೆ ಹೋಗುತ್ತದೆಯೋ ಎಂಬುದು ವಸ್ತು ಮೊದಲು ಗಾಳಿಗೆ ಯಾವ ಮಗ್ಗುಲೊಡ್ಡಿತ್ತು ಎಂಬುದನ್ನು ಅವಲಂಬಿಸಿರುವುದರಿಂದ, ಯಂತ್ರ ಎರಡನ್ನೂ ಸಮಾನವಾಗಿ ಪರಿಗಣಿಸುತ್ತದೆ. ನಡುವೆ ಮಗ್ಗುಲು ಬದಲಿಸುವ ಸಣ್ಣ ಸಂಭವವನ್ನೂ ಸೇರಿಸುತ್ತದೆ. ಆಕಾರದ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಮಲೇಷ್ಯಾದ ಎಂಎಚ್ 370 ವಿಮಾನದ ಉದಾಹರಣೆಯಿದೆ. 2014ರ ಮಾರ್ಚ್ 8ರಂದು ಕಾಣೆಯಾದ ಆ ವಿಮಾನದ ರೆಕ್ಕೆಯ ಒಂದು ಭಾಗ 2015ರ ಜುಲೈ 29ರಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತು. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ವಿಜ್ಞಾನಿಗಳು ಮೊದಲು ಅದರ ಪ್ರತಿಕೃತಿಗಳನ್ನು ನೀರಿಗೆ ಬಿಟ್ಟು ನೋಡಿದರು. ಅನಂತರ ಅದೇ ಮಾದರಿಯ ವಿಮಾನದ ನಿಜವಾದ ಭಾಗವನ್ನೇ ತರಿಸಿ, ಸಿಕ್ಕಿದ ತುಂಡಿನ ಆಕಾರಕ್ಕೆ ಕತ್ತರಿಸಿ ತೇಲಿಸಿದಾಗ, ಅದು ಗಾಳಿಯ ದಿಕ್ಕಿಗಿಂತ ಸುಮಾರು 20 ಡಿಗ್ರಿ ಎಡಕ್ಕೆ, ಪ್ರತಿಕೃತಿಗಳಿಗಿಂತ ವೇಗವಾಗಿ ಸಾಗಿತು. ಹದಿನಾರು ತಿಂಗಳ ಪಯಣದಲ್ಲಿ ಅಷ್ಟು ವ್ಯತ್ಯಾಸವೆಂದರೆ ಹೊರಟ ಜಾಗದ ಅಂದಾಜೇ ಬೇರೆಯಾಗುತ್ತದೆ.

ಮೇಲಿನ ನೀರು ಮತ್ತು ಆಳದ ನೀರು ಬೇರೆ ಬೇರೆ ದಿಕ್ಕಿಗೆ ಹೋಗುವುದರಲ್ಲಿ ಭೂಮಿಯ ತಿರುಗುವಿಕೆಯ ಪಾಲೂ ಇದೆ. ನಾರ್ವೆಯ ನಾನ್ಸೆನ್ 1893ರಿಂದ 1896ರವರೆಗೆ ತನ್ನ ಹಡಗನ್ನು ಉತ್ತರ ಧ್ರುವದ ಬಳಿಯ ಹಿಮದಲ್ಲಿ ಸಿಕ್ಕಿಸಿಕೊಂಡು ತೇಲಿದಾಗ, ಹಿಮ ಗಾಳಿಯ ನೇರಕ್ಕೆ ಹೋಗದೆ ಬಲಕ್ಕೆ ಸರಿಯುವುದನ್ನು ಗಮನಿಸಿದ. 1905ರಲ್ಲಿ ಎಕ್‌ಮನ್ ಅದಕ್ಕೆ ಗಣಿತ ಕೊಟ್ಟ. ಹೀಗಾಗಿ ಲೀವೇ ಲೆಕ್ಕದಲ್ಲಿ ಬಳಸಬೇಕಾದ ಪ್ರವಾಹವೆಂದರೆ ಮೇಲಿನ ಸುಮಾರು ಒಂದು ಮೀಟರ್ ನೀರಿನದು, ಬಲೆಯ ಆಳದ್ದಲ್ಲ.

ಗಂಗೊಳ್ಳಿಯ ಗಣಿತ ಶಿಕ್ಷಕಿ

ಇಲ್ಲಿ ಕೊಟ್ಟ ಅಂಕಿಗಳನ್ನು ಹಿಡಿದು ಒಂದು ಲೆಕ್ಕ ಮಾಡಿದೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಗಾಳಿ ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ 29 ಕಿಲೋಮೀಟರಿನಷ್ಟು ಬೀಸುತ್ತಿದೆ ಎಂದಿಟ್ಟುಕೊಳ್ಳೋಣ. ಬಹುಪಾಲು ಮುಳುಗಿಯೇ ಇರುವ ಮನುಷ್ಯನಿಗೆ ಶೇ. 1.1 ಎಂದರೆ ಆರು ಗಂಟೆಯಲ್ಲಿ ಗಾಳಿಯಿಂದ ಆಗುವ ಸರಿತ ಸುಮಾರು 1.9 ಕಿಲೋಮೀಟರ್. ಹಗುರವಾದ ತೆಪ್ಪಕ್ಕೆ ಶೇ. 4 ಎಂದಿಟ್ಟುಕೊಂಡರೆ 6.9 ಕಿಲೋಮೀಟರ್. ಇನ್ನು ಸೆಕೆಂಡಿಗೆ 0.3 ಮೀಟರ್ ಪ್ರವಾಹವಿದ್ದರೆ ಅದು ಇಬ್ಬರನ್ನೂ ಆರು ಗಂಟೆಯಲ್ಲಿ 6.5 ಕಿಲೋಮೀಟರ್ ಒಯ್ಯುತ್ತದೆ. ಅಂದರೆ ಮನುಷ್ಯನನ್ನು ಹುಡುಕುವಾಗ ಪ್ರವಾಹದ ಅಂಕಿಯೇ ಮುಖ್ಯ, ತೆಪ್ಪವನ್ನು ಹುಡುಕುವಾಗ ಗಾಳಿಯ ಅಂಕಿಯೂ ಅಷ್ಟೇ ಮುಖ್ಯ.

ಈಗ ನನ್ನ ಸಂದೇಹ. ಪ್ರವಾಹದ ಮುನ್ಸೂಚನೆಯಲ್ಲಿ ಸೆಕೆಂಡಿಗೆ ಬರೀ 0.1 ಮೀಟರ್ ತಪ್ಪಿದ್ದು, ಆ ತಪ್ಪು ಒಂದೇ ದಿಕ್ಕಿನಲ್ಲಿ ಉಳಿದರೆ, ಒಂದು ದಿನಕ್ಕೆ 8.6 ಕಿಲೋಮೀಟರ್ ವ್ಯತ್ಯಾಸವಾಗುತ್ತದೆ. ಐದು ಕಿಲೋಮೀಟರ್ ತ್ರಿಜ್ಯದ ವೃತ್ತದಲ್ಲಿ ಹುಡುಕಬೇಕಾದ ಕಡಲು 79 ಚದರ ಕಿಲೋಮೀಟರ್. ತ್ರಿಜ್ಯ ಹದಿನೈದಾದರೆ 707. ಮೂರು ಪಟ್ಟು ಅನಿಶ್ಚಿತತೆಗೆ ಒಂಬತ್ತು ಪಟ್ಟು ಹುಡುಕಾಟ. ಹೀಗಿರುವಾಗ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟು ಇಲ್ಲಿಯೇ ಇದ್ದಾನೆ ಎನ್ನುವುದು ಸಾಧ್ಯವೇ ಇಲ್ಲವಲ್ಲ?

ಮಣಿಪಾಲದ ಪ್ರೋಗ್ರಾಮರ್

ಟೀಚರ್, ನಿಮ್ಮ ಲೆಕ್ಕ ಸರಿಯಾಗಿದೆ, ಸಂದೇಹವೂ ಸರಿಯಾಗಿದೆ. ಆ ಕಾರಣಕ್ಕೇ ಈ ಪ್ರೋಗ್ರಾಂಗಳು ಒಂದು ಚುಕ್ಕೆಯನ್ನು ಇಡುವುದಿಲ್ಲ. ನೂರಾರು, ಸಾವಿರಾರು ಚುಕ್ಕೆಗಳನ್ನು ಬಿಡುತ್ತವೆ.

ನಾರ್ವೆಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿದ ‘ಓಪನ್‌ಡ್ರಿಫ್ಟ್’ ಎಂಬ ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿದೆ, ಮುಕ್ತ ತಂತ್ರಾಂಶವಾದ್ದರಿಂದ ಯಾರು ಬೇಕಾದರೂ ಇಳಿಸಿಕೊಂಡು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ನಡೆಸಬಹುದು. ಅದರಲ್ಲಿ ವಸ್ತುವಿನ ಬಗೆ, ಕೊನೆಯ ಬಾರಿ ಕಂಡ ಜಾಗ, ಸಮಯ ಇಷ್ಟನ್ನು ಕೊಟ್ಟು, ಗಾಳಿ ಮತ್ತು ಪ್ರವಾಹದ ಮುನ್ಸೂಚನೆಯ ಕಡತಗಳನ್ನು ಜೋಡಿಸಬೇಕು. ಪ್ರೋಗ್ರಾಂ ಪ್ರತಿ ಚುಕ್ಕೆಗೂ ಸ್ವಲ್ಪ ಬೇರೆಯಾದ ಹೊರಡುವ ಜಾಗ, ಸ್ವಲ್ಪ ಬೇರೆಯಾದ ಲೀವೇ ಅಂಕಿ ಕೊಟ್ಟು, ಅರ್ಧದಷ್ಟನ್ನು ಗಾಳಿಯ ಎಡಕ್ಕೆ, ಅರ್ಧದಷ್ಟನ್ನು ಬಲಕ್ಕೆ ವಾಲುವಂತೆ ಮಾಡಿ, ಎಲ್ಲವನ್ನೂ ಒಟ್ಟಿಗೆ ತೇಲಿಸುತ್ತದೆ. ಕೊನೆಗೆ ಚುಕ್ಕೆಗಳು ದಟ್ಟವಾಗಿ ಸೇರಿದ ಕಡೆ ವಸ್ತು ಇರುವ ಸಂಭವ ಹೆಚ್ಚು, ವಿರಳವಾದ ಕಡೆ ಕಡಿಮೆ. ‘ಸಾರಟ್’ ಕೂಡ ಕೊನೆಯ ಜಾಗ ಮತ್ತು ಸಮಯದ ಅನಿಶ್ಚಿತತೆಯನ್ನು ಇದೇ ರೀತಿ ಹಲವು ಚುಕ್ಕೆಗಳಾಗಿ ಹರಡಿ, ಎಲ್ಲಿ ಹುಡುಕಬೇಕೆಂಬ ಪ್ರದೇಶವನ್ನು ನಕ್ಷೆಯ ಮೇಲೆ ತೋರಿಸುತ್ತದೆ. ಹೀಗೆ ಅಡ್ಡಾದಿಡ್ಡಿ ಅಂಕಿಗಳನ್ನು ಹಾಕಿ ಸಂಭವವನ್ನು ಲೆಕ್ಕಹಾಕುವ ಕ್ರಮಕ್ಕೆ ಮಾಂಟೆ ಕಾರ್ಲೊ ಎಂದು ಹೆಸರು.

ನಾನು ಮಲ್ಪೆಯ ಪಡುವಣಕ್ಕೆ, ಸೇಂಟ್ ಮೇರೀಸ್ ದ್ವೀಪದಾಚೆ ಒಂದು ಕಾಲ್ಪನಿಕ ಜಾಗವನ್ನು ಇಟ್ಟು, ಅದೇ ಗಾಳಿ ಅದೇ ಪ್ರವಾಹಕ್ಕೆ ಒಮ್ಮೆ ಮನುಷ್ಯನನ್ನೂ ಒಮ್ಮೆ ತೆಪ್ಪವನ್ನೂ ಆರಿಸಿ ನಡೆಸಿದೆ. ಒಂದು ದಿನ ಕಳೆಯುವಷ್ಟರಲ್ಲಿ ಎರಡು ಗುಂಪುಗಳು ಪೂರ್ತಿ ಬೇರೆಯಾಗಿದ್ದವು, ಒಂದರ ಅಂಚು ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಪಟ್ಟಿಯಲ್ಲಿ ತಪ್ಪಾದ ಸಾಲನ್ನು ಒತ್ತಿದರೆ ಯಂತ್ರ ಯಾವ ಗೊಣಗಾಟವೂ ಇಲ್ಲದೆ ತಪ್ಪಾದ ಕಡಲನ್ನು ತೋರಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಿದಂತಾಯಿತು. ನಕ್ಷೆ ಮಾತ್ರ ಎರಡೂ ಸಲ ಅಷ್ಟೇ ಚೆಂದವಾಗಿ, ಅಷ್ಟೇ ಆತ್ಮವಿಶ್ವಾಸದಿಂದ ಬರುತ್ತದೆ. ಬಣ್ಣದ ನಕ್ಷೆ ವಾಟ್ಸ್ಆ್ಯಪ್‌ನಲ್ಲಿ ಬಂದ ಕೂಡಲೇ ಅದನ್ನು ಸತ್ಯವೆಂದು ಹಂಚುವವರು ಇದನ್ನು ಗಮನಿಸಬೇಕು.

ನಿವೃತ್ತ ನಾವಿಕ, ಪಣಂಬೂರು

ಚರ್ಚೆ ಚೆನ್ನಾಗಿ ಸಾಗಿದೆ. ಹುಡುಕುವ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಕ್ಷೆ ಬಂದ ಮೇಲೂ ಅರ್ಧ ಕೆಲಸ ಉಳಿದಿರುತ್ತದೆ.

ಮೊದಲು ಸಾಮಾನ್ಯವಾಗಿ ಎದುರಾಗುವ ಒಂದು ಸನ್ನಿವೇಶವನ್ನು ನೋಡಿ. ಟ್ರಾಲ್ ಬೋಟೊಂದು ರಾತ್ರಿಯಿಡೀ ಮೂರು ನಾಟ್ (ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್) ವೇಗದಲ್ಲಿ ಬಲೆ ಎಳೆಯುತ್ತಿದೆ. ನಡುರಾತ್ರಿ ಹನ್ನೆರಡಕ್ಕೆ ಒಬ್ಬಾತನನ್ನು ಡೆಕ್ಕಿನ ಮೇಲೆ ಕಂಡವರಿದ್ದಾರೆ. ಬೆಳಿಗ್ಗೆ ಆರಕ್ಕೆ ಅವನಿಲ್ಲ. ಈ ಆರು ಗಂಟೆಯಲ್ಲಿ ಬೋಟು 33 ಕಿಲೋಮೀಟರ್ ಸಾಗಿದೆ. ಅವನು ಆ ದಾರಿಯಲ್ಲಿ ಎಲ್ಲಿ ಬೇಕಾದರೂ ಬಿದ್ದಿರಬಹುದು, ಮೊದಲೇ ಬಿದ್ದಿದ್ದರೆ ಆರು ಗಂಟೆ ತೇಲಿದ್ದಾನೆ, ಕೊನೆಗೆ ಬಿದ್ದಿದ್ದರೆ ಕೆಲವೇ ನಿಮಿಷ. ಆದ್ದರಿಂದ ಚುಕ್ಕೆಗಳನ್ನು ಒಂದು ಬಿಂದುವಿನಿಂದಲ್ಲ, ಇಡೀ 33 ಕಿಲೋಮೀಟರಿನ ಗೆರೆಯ ಉದ್ದಕ್ಕೂ, ಬೇರೆ ಬೇರೆ ಸಮಯಗಳಲ್ಲಿ ಬಿಡಬೇಕಾಗುತ್ತದೆ. ಟೀಚರ್ ಲೆಕ್ಕ ಹಾಕಿದ ಪ್ರವಾಹದ ತಪ್ಪು ಇದರ ಮುಂದೆ ಸಣ್ಣದು. ಆದರೆ ಅದೇ ಬೋಟಿನಲ್ಲಿ ‘ಎರಡೂವರೆಗೆ ಚಹಾ ಕುಡಿಯುವಾಗ ಅವನಿದ್ದ’ ಎಂದು ಇನ್ನೊಬ್ಬ ನೆನಪಿಸಿಕೊಂಡರೆ, ಗೆರೆಯಿಂದ 14 ಕಿಲೋಮೀಟರ್ ಒಮ್ಮೆಲೇ ಕಳಚಿಹೋಗುತ್ತದೆ. ಯಾವ ಉಪಗ್ರಹವೂ ಯಾವ ಹೊಸ ಮಾದರಿಯೂ ಅಷ್ಟನ್ನು ಕಳೆಯಲಾರದು. ಪಡುಕರೆಯವರ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಹಡಗು ಎಲ್ಲಿತ್ತು, ಯಾವಾಗ ಬೆಂಕಿ ಬಿತ್ತು ಎಂಬುದು ಲೋಕಕ್ಕೆಲ್ಲ ಗೊತ್ತಿತ್ತು, ಮೀನುಗಾರ ಯಾವಾಗ ಬಿದ್ದ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ನಡುರಾತ್ರಿಯಲ್ಲಿ ಬಿದ್ದವನ ವಿಚಾರದಲ್ಲಿ ಕಂಪ್ಯೂಟರಿಗಿಂತ ಮೊದಲು ವಿಚಾರಿಸಬೇಕಾದ್ದು ಜೊತೆಯಲ್ಲಿದ್ದವರನ್ನು, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ, ಬೈಗುಳವಿಲ್ಲದೆ.

ಇನ್ನು ಹುಡುಕಾಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ ಕೂಪ್‌ಮನ್ ಎಂಬ ಗಣಿತಜ್ಞ ಇದಕ್ಕೆ ಶಾಸ್ತ್ರೀಯ ತಳಹದಿ ಹಾಕಿದ. ವಸ್ತು ಆ ಪ್ರದೇಶದಲ್ಲಿ ಇರುವ ಸಂಭವ ಒಂದು, ಇದ್ದರೆ ನಮ್ಮ ಕಣ್ಣಿಗೆ ಬೀಳುವ ಸಂಭವ ಇನ್ನೊಂದು. ಎರಡರ ಗುಣಲಬ್ಧವೇ ಸಿಗುವ ಸಂಭವ. ಅಲೆಯೆದ್ದ ಕಡಲಿನಲ್ಲಿ ಒಂದು ತಲೆ ಹೆಲಿಕಾಪ್ಟರಿನಿಂದಲೂ ಎಷ್ಟು ದೂರಕ್ಕೆ ಕಂಡೀತು? ಹೀಗಾಗಿ ಒಂದು ಸಲ ಹುಡುಕಿ ಸಿಗದಿದ್ದರೆ ಆ ಪ್ರದೇಶವನ್ನು ಪೂರ್ತಿ ಕೈಬಿಡುವುದಿಲ್ಲ. ಅಲ್ಲಿಯ ಸಂಭವವನ್ನು ತಕ್ಕಷ್ಟು ಇಳಿಸಿ, ಉಳಿದ ಕಡೆಗಳಲ್ಲಿ ಅದೇ ಪ್ರಮಾಣದಲ್ಲಿ ಏರಿಸಿ, ಎಲ್ಲವನ್ನೂ ಮತ್ತೆ ಕೆಲವು ಗಂಟೆ ಮುಂದಕ್ಕೆ ತೇಲಿಸಿ, ಮರುದಿನದ ಯೋಜನೆ ಮಾಡುತ್ತಾರೆ. ನಮ್ಮ ಕಡಲಿನಲ್ಲಿ ಇದನ್ನು ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಗಳು ನಿರ್ವಹಿಸುತ್ತವೆ. ಪಶ್ಚಿಮ ಕರಾವಳಿಯ ಕೇಂದ್ರ ಮುಂಬೈಯಲ್ಲಿದೆ.

ತೇಲುವಿಕೆಯನ್ನು ಹಿಂದುಮುಂದಾಗಿ ಓಡಿಸುವುದು ಇನ್ನೂ ಅಪಾಯದ ಕೆಲಸ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಅವಶೇಷಗಳು ಮತ್ತು ದೇಹಗಳು ಕೆಲವು ದಿನಗಳ ಮೇಲೆ ತೇಲುತ್ತ ಸಿಕ್ಕಿದವು. ಅವು ಎಲ್ಲಿಂದ ಹೊರಟಿರಬಹುದೆಂದು ಪ್ರವಾಹವನ್ನು ಹಿಂದಕ್ಕೆ ಓಡಿಸಿ ಲೆಕ್ಕಹಾಕಿ, 2010ರಲ್ಲಿ ಆ ಜಾಗದ ತಳವನ್ನು ಶೋಧಿಸಿದರು, ಸಿಗಲಿಲ್ಲ. ಭೂಮಧ್ಯರೇಖೆಯ ಬಳಿಯ ಪ್ರವಾಹಗಳು ಅಷ್ಟು ಗೋಜಲು. ಎಲ್ಲ ಮಾಹಿತಿಯನ್ನೂ ಅದರದರ ನಂಬಿಕೆಗೆ ತಕ್ಕ ತೂಕ ಕೊಟ್ಟು ಮತ್ತೆ ಲೆಕ್ಕಹಾಕಿದ ಮೇಲೆ, 2011ರ ಏಪ್ರಿಲ್‌ನಲ್ಲಿ ಅದು ಸಿಕ್ಕಿದ್ದು ವಿಮಾನ ಕೊನೆಯ ಬಾರಿ ತನ್ನ ಸ್ಥಾನವನ್ನು ತಿಳಿಸಿದ್ದ ಜಾಗದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ. ಕೊನೆಯ ಸ್ಥಾನವೆಂಬ ಸಾದಾ ಮಾಹಿತಿಗೆ ಎಷ್ಟು ಬೆಲೆಯಿದೆ ನೋಡಿ.

ಬೆಂಗ್ರೆಯ ಯುವಕ

ಅಣ್ಣಂದಿರೇ, ಒಂದು ಸಣ್ಣ ಪ್ರಶ್ನೆ. ತಣ್ಣೀರುಬಾವಿ, ಪಣಂಬೂರು, ಸೋಮೇಶ್ವರದ ಬೀಚುಗಳಲ್ಲಿ ಪ್ರತಿ ವರ್ಷ ನೀರಿಗಿಳಿದವರು ಸೆಳೆದುಕೊಂಡು ಹೋಗುತ್ತಾರೆ. ನಾವು ಹುಡುಗರು ದೋಣಿ ತೆಗೆದುಕೊಂಡು ಹುಡುಕುತ್ತೇವೆ. ಈ ಸಾಧನಗಳಿಂದ ನಮಗೆ ಏನಾದರೂ ಸಹಾಯವಿದೆಯೆ?

ಸಂಶೋಧನಾರ್ಥಿನಿ, ಸುರತ್ಕಲ್

ಬಹಳ ಕಡಿಮೆ ಎಂದೇ ಹೇಳಬೇಕು. ಕಡಲನ್ನು ಚೌಕಗಳಾಗಿ ವಿಂಗಡಿಸಿ ಪ್ರವಾಹವನ್ನು ಲೆಕ್ಕಹಾಕುವ ಮಾದರಿಗಳಲ್ಲಿ ಒಂದೊಂದು ಚೌಕ ಕೆಲವು ಕಿಲೋಮೀಟರ್ ಅಗಲವಿರುತ್ತದೆ. ದಡದಿಂದ ಹೊರಕ್ಕೆಳೆಯುವ ಸೆಳೆತದ ಅಗಲ ಕೆಲವು ಹತ್ತು ಮೀಟರ್ ಮಾತ್ರ. ಮರಳದಿನ್ನೆ ಸರಿದಂತೆ ಅದೂ ಜಾಗ ಬದಲಿಸುತ್ತದೆ. ನೇತ್ರಾವತಿ–ಗುರುಪುರ ನದಿಗಳು ಕೂಡುವ ನಿಮ್ಮ ಅಳಿವೆಬಾಗಿಲಿನಲ್ಲಿ ಉಬ್ಬರವಿಳಿತ, ಹೊಳೆಯ ನೀರು, ತಡೆಗೋಡೆ ಎಲ್ಲವೂ ಸೇರುತ್ತವೆ. ಅಲ್ಲಿ ನಿಮ್ಮ ಅನುಭವವೇ ಹೆಚ್ಚು ನಂಬಲರ್ಹ. ಈ ಸಾಧನಗಳು ತೆರೆದ ಕಡಲಿಗೆ.

ಪಡುಕರೆಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ವಿಷಯ ಕೇಳಲು ಸಂಕೋಚವಾಗುತ್ತದೆ, ಆದರೂ ಮಲ್ಪೆಯ ಬಗ್ಗೆ ಮಾತನಾಡುವಾಗ ಅದನ್ನು ಬಿಟ್ಟು ಹೋಗಲಾಗದು. 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಕಾಣೆಯಾದ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ 2019ರ ಮೇ ತಿಂಗಳವರೆಗೂ ಸಿಗಲಿಲ್ಲವಲ್ಲ. ಆಗ ಈ ಲೆಕ್ಕಗಳಿಂದ ಏಕೆ ಪ್ರಯೋಜನವಾಗಲಿಲ್ಲ?

ನಿವೃತ್ತ ನಾವಿಕ, ಪಣಂಬೂರು

ಆ ಶೋಧನೆಯ ಒಳವಿವರಗಳ ಬಗ್ಗೆ ನಾನು ಮಾತನಾಡಲಾರೆ. ಕುಟುಂಬಗಳು ಇಲ್ಲಿಯೇ ಇವೆ. ತೇಲುವಿಕೆಯ ಮಟ್ಟಿಗೆ ಹೇಳುವುದಾದರೆ, ಮುಳುಗಿದ ಬೋಟು ತೇಲುವುದಿಲ್ಲ. ಅದನ್ನು ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ಕಡಲತಳದಲ್ಲಿ ಪತ್ತೆಮಾಡಿತು. ತಳಕ್ಕಿಳಿದದ್ದನ್ನು ಹುಡುಕುವುದು ಶಬ್ದದ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಸೋನಾರಿನ ಕೆಲಸ. ಲೀವೇ ಲೆಕ್ಕ ನಡೆಯುವುದು ವಸ್ತು ನೀರಿನ ಮೇಲಿದೆ ಎಂಬ ಊಹೆಯ ಮೇಲೆ. ಆ ಊಹೆ ತಪ್ಪಿದ್ದರೆ ಬೋಟಿನ ಹೆಸರಿನಲ್ಲಿ ಬಿಟ್ಟ ಚುಕ್ಕೆಗಳೆಲ್ಲ ಎಲ್ಲೋ ಉತ್ತರಕ್ಕೆ ತೇಲುತ್ತಲೇ ಹೋಗುತ್ತವೆ. ಆದ್ದರಿಂದ ಅನುಭವಿಗಳು ತೇಲುತ್ತಿರುವ ಬೋಟು, ಮಗುಚಿದ ಬೋಟು, ನೀರಿನಲ್ಲಿರುವ ಜನ ಎಂದು ಹಲವು ಸಾಧ್ಯತೆಗಳನ್ನು ಒಟ್ಟಿಗೆ ಓಡಿಸುತ್ತಾರೆ.

ಮಲ್ಪೆಯ ತಂಡೇಲ

ಸರ್ ಹೇಳಿದ ಗೆರೆಯ ಲೆಕ್ಕ ಮನಸ್ಸಿಗೆ ನಾಟಿತು. ನಮ್ಮವರು ಮಾಡಬಹುದಾದ ಕೆಲವನ್ನು ಬರೆಯುತ್ತೇನೆ, ತಿಳಿದವರು ಸೇರಿಸಲಿ.

ಜನ ಬಿದ್ದದ್ದು ತಿಳಿದ ಕ್ಷಣವೇ ಜಿಪಿಎಸ್‌ನಲ್ಲಿರುವ ಎಂಒಬಿ (ಮ್ಯಾನ್ ಓವರ್‌ಬೋರ್ಡ್, ಅಂದರೆ ಜನ ನೀರಿಗೆ ಬಿದ್ದಿದ್ದಾರೆ) ಗುಂಡಿಯನ್ನು ಒತ್ತಬೇಕು. ಆ ಜಾಗವೂ ಹೊತ್ತೂ ಅದರಲ್ಲಿ ಉಳಿಯುತ್ತವೆ. ಹೆಚ್ಚಿನ ಬೋಟುಗಳಲ್ಲಿ ಆ ಗುಂಡಿ ಇದೆ, ಆದರೆ ತಂಡೇಲನೊಬ್ಬನಿಗೇ ಗೊತ್ತು. ಅವನು ಮಲಗಿದ್ದಾಗ ಚುಕ್ಕಾಣಿ ಹಿಡಿದ ಹುಡುಗನಿಗೂ ಕಲಿಸಿರಬೇಕು. ಕೂಡಲೇ ವಯರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಹೇಳಬೇಕು, ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಬೇಕು. ಮೊದಲು ನಾವೇ ಹುಡುಕಿ ನೋಡೋಣ, ಸಿಗದಿದ್ದರೆ ಹೇಳೋಣ ಎಂದು ಸಂಜೆಯವರೆಗೆ ತಡೆಯುವ ಅಭ್ಯಾಸ ನಮ್ಮಲ್ಲಿದೆ. ಟೀಚರ್ ಬರೆದ ಒಂಬತ್ತು ಪಟ್ಟು ಹುಟ್ಟುವುದು ಅಲ್ಲಿಯೇ.

ಬಿದ್ದವನ ಕಡೆಗೆ ಏನನ್ನಾದರೂ ಎಸೆಯುವುದುಂಟು. ಹಿಡಿದುಕೊಳ್ಳಲು ರಿಂಗ್ ಎಸೆಯುವುದು ಸರಿ. ಆದರೆ ಜಾಗದ ಗುರುತಿಗೆಂದು ಖಾಲಿ ಥರ್ಮೋಕೋಲ್ ಪೆಟ್ಟಿಗೆ ಎಸೆದರೆ ಅದು ಗಾಳಿಯ ಜೊತೆ ಹೋಗುತ್ತದೆ, ಹುಡುಕುವವರು ಅದನ್ನು ನಂಬಿ ಹಿಂದೆ ಹೋಗುತ್ತಾರೆ, ಮನುಷ್ಯ ಹಿಂದೆ ಉಳಿಯುತ್ತಾನೆ. ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು ತುಂಬಿದ ಕ್ಯಾನಿಗೆ ಮಿನುಗುವ ಲೈಟು ಕಟ್ಟಿ ಬಿಡುವುದು ಮೇಲು ಎಂದು ನನಗೆ ತೋರುತ್ತದೆ.

ನಿವೃತ್ತ ನಾವಿಕ, ಪಣಂಬೂರು

ಸರಿಯಾಗಿ ಹೇಳಿದಿರಿ. ಕೆಲವು ದೇಶಗಳ ಕೋಸ್ಟ್ ಗಾರ್ಡ್‌ನವರು ವಿಮಾನದಿಂದ ಎಸೆಯುವ, ತನ್ನ ಸ್ಥಾನವನ್ನು ತಾನೇ ತಿಳಿಸುವ, ಬೋಯೆ ಎಂಬ ತೇಲುವ ಗುರುತುಗಳನ್ನೂ ಗಾಳಿ ಹಿಡಿಯದಂತೆ ನೀರಿನೊಳಗೇ ಇರುವ ಹಾಗೆ ರಚಿಸಿರುತ್ತಾರೆ. ಅವು ಹೋದ ದಾರಿಯಿಂದ ಆ ಗಂಟೆಯ ನಿಜವಾದ ಪ್ರವಾಹ ತಿಳಿದು, ಮುನ್ಸೂಚನೆಯನ್ನು ತಿದ್ದಲು ಬರುತ್ತದೆ. ಇಸ್ರೊ ರೂಪಿಸಿದ ಅಪಾಯಸೂಚಕ ಯಂತ್ರ ಬೋಟಿನಲ್ಲಿದ್ದರೆ ಅದನ್ನೂ ಒತ್ತಬೇಕು. ಕರೆ ಮಾಡುವಾಗ ಬಿದ್ದವನು ಜಾಕೆಟ್ ತೊಟ್ಟಿದ್ದನೇ, ಈಜು ಬರುತ್ತದೆಯೇ, ಹತ್ತಿರ ಹಿಡಿದುಕೊಳ್ಳುವಂಥದ್ದು ಏನಿತ್ತು ಎಂಬುದನ್ನು ಹೇಳಿ. ನಮ್ಮ ಕಡಲಿನ ನೀರು ಬೆಚ್ಚಗಿರುವುದರಿಂದ, ತಣ್ಣೀರಿನ ಕಡಲುಗಳಿಗಿಂತ ಹೆಚ್ಚು ಹೊತ್ತು ಜೀವ ಹಿಡಿದಿರಲು ಸಾಧ್ಯ, ಬೇಗನೆ ಕೈಚೆಲ್ಲಬೇಕಾಗಿಲ್ಲ.

ಮಣಿಪಾಲದ ಪ್ರೋಗ್ರಾಮರ್

ಒಂದು ಕೊರತೆಯನ್ನು ದಾಖಲಿಸುತ್ತೇನೆ. ಓಪನ್‌ಡ್ರಿಫ್ಟ್‌ನ ವಸ್ತುಗಳ ಪಟ್ಟಿಯನ್ನು ಪೂರ್ತಿ ಓದಿದೆ. ಹಾಯಿದೋಣಿಗಳಿವೆ, ಉತ್ತರದ ಕಡಲುಗಳ ಮೀನುಗಾರಿಕಾ ಹಡಗುಗಳಿವೆ, ಕಯಾಕ್ ಇದೆ, ಅಲೆಯ ಮೇಲೆ ಜಾರುವ ಹಲಗೆಯೂ ಇದೆ. ನಮ್ಮ ನಾಡದೋಣಿಗೆ ಸರಿಹೊಂದುವ ಸಾಲು ನನಗೆ ಕಾಣಲಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ, ಕಡಲು ಅತ್ಯಂತ ಒರಟಾಗಿರುವ ಕಾಲದಲ್ಲಿ, ಹೊರಗಿರುವುದು ನಾಡದೋಣಿಯೇ. ಹತ್ತಿರದ್ದೆಂದು ಬೇರೆ ಯಾವುದೋ ಸಾಲನ್ನು ಆರಿಸಬೇಕಾಗುತ್ತದೆ. ಇದರ ಅಂಕಿಯನ್ನು ನಾವೇ ಅಳೆಯಬಹುದೇ?

ಸಂಶೋಧನಾರ್ಥಿನಿ, ಸುರತ್ಕಲ್

ಅಳೆಯಬಹುದು, ವಿಧಾನ ಪ್ರಕಟವಾಗಿದೆ, ಕಷ್ಟವಿರುವುದು ಶಿಸ್ತಿನಲ್ಲಿ. ಎಂಜಿನ್ ನಿಲ್ಲಿಸಿ ಲಂಗರಿಲ್ಲದೆ ಬಿಟ್ಟ ದೋಣಿಯ ಮೇಲೆ ಪ್ರತಿ ಕೆಲವು ನಿಮಿಷಕ್ಕೊಮ್ಮೆ ಸ್ಥಾನ ಬರೆದುಕೊಳ್ಳುವ ಜಿಪಿಎಸ್ ಇರಬೇಕು, ಗಾಳಿಯನ್ನು ಅಲ್ಲಿಯೇ ಅಳೆಯಬೇಕು, ಮತ್ತು ದೋಣಿಯ ಬದಿಯಲ್ಲೇ ಮೇಲಿನ ಒಂದು ಮೀಟರ್ ನೀರಿನ ಪ್ರವಾಹವನ್ನು ಅಳೆಯಬೇಕು. ದೋಣಿಯ ಚಲನೆಯಿಂದ ಪ್ರವಾಹವನ್ನು ಕಳೆದರೆ ಉಳಿಯುವುದೇ ಲೀವೇ. ಅಲೆಗಳ ತಳ್ಳುವಿಕೆ ಅದರಲ್ಲೇ ಸೇರಿಕೊಂಡಿರುವುದರಿಂದ ಅದನ್ನು ಬೇರೆಯಾಗಿ ಕೂಡಬೇಕಾಗಿಲ್ಲ. ಒಂದೇ ಗಾಳಿಯಲ್ಲಿ ಅಳೆದರೆ ಸಾಲದು. ಮೆಲುಗಾಳಿಯಿಂದ ಬಿರುಗಾಳಿಯ ಹತ್ತಿರದವರೆಗೆ, ಜನ ತುಂಬಿದ ದೋಣಿ, ಖಾಲಿ ದೋಣಿ, ನೀರು ತುಂಬಿದ ದೋಣಿ ಎಂದು ಬೇರೆ ಬೇರೆಯಾಗಿ ಬೇಕು. ಜೊತೆಗೆ ರಕ್ಷಣೆಗೆ ಇನ್ನೊಂದು ದೋಣಿ ಹತ್ತಿರವೇ ಇರಬೇಕು, ಮತ್ತು ಕೋಸ್ಟ್ ಗಾರ್ಡ್‌ಗೆ ಮೊದಲೇ ತಿಳಿಸಿರಬೇಕು. ಬಿರುಸಾದ ಗಾಳಿಯ ಅಂಕಿಯೇ ನಮಗೆ ಹೆಚ್ಚು ಬೇಕಾದದ್ದು, ಅದನ್ನು ಅಳೆಯುವುದೇ ಹೆಚ್ಚು ಕಷ್ಟ. ಜನರಿಲ್ಲದೆ, ತೂಕಕ್ಕೆ ಮರಳಿನ ಚೀಲ ಇಟ್ಟು ಬಿಡುವುದು ಸುರಕ್ಷಿತ.

ಮಲ್ಪೆಯ ತಂಡೇಲ

ದೋಣಿ ಕೊಡಿಸುವುದು ನನಗೆ ಬಿಡಿ, ನಮ್ಮ ಕುದ್ರುವಿನಲ್ಲಿ ಹಳೆಯ ಫೈಬರ್ ನಾಡದೋಣಿಗಳು ಮಗುಚಿ ಬಿದ್ದಿವೆ. ಮರಳಿನ ಚೀಲ ಮಾತ್ರ ಬೇಡ. ಅಲೆಗೆ ಚೀಲ ಜಾರಿ ಒಂದೇ ಮಗ್ಗುಲಿಗೆ ಸೇರಿದರೆ ದೋಣಿ ವಾಲುತ್ತದೆ, ಅಂಕಿ ಕೆಡುತ್ತದೆ. ನೀರು ತುಂಬಿದ ಕ್ಯಾನುಗಳನ್ನು ಅಡ್ಡಪಟ್ಟಿಗೆ ಬಿಗಿದು ಕಟ್ಟುವುದು ಒಳ್ಳೆಯದು, ಜನ ಕುಳಿತುಕೊಳ್ಳುವ ಜಾಗಕ್ಕೆ ಸರಿಯಾಗಿ. ಬಲೆಯ ರಾಶಿಯನ್ನೂ ಇಡಬೇಕು, ಅದು ಗಾಳಿ ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ, ಮೀನು ಕಡಿಮೆ ಇರುವ ದಿನ ನೋಡಿ ಮೊದಲು ಮೆಲುಗಾಳಿಯಲ್ಲಿ ಮಾಡೋಣ. ಗಾಳಿ ಅಳೆಯುವ ಯಂತ್ರ ಯಾರಲ್ಲಿದೆ ಎಂದು ಸುರತ್ಕಲ್‌ನ ತಂಗಿ ವಿಚಾರಿಸಿ ಇಲ್ಲಿಯೇ ಬರೆಯಲಿ.